ಬೋಟನ್ನು ತಳ್ಳುವುದು ಯಾವ ಜಾಗ? ಹಳೇ ಇನ್‌ಬೋರ್ಡ್ ಬೋಟು ಕೊಳ್ಳುವವರಿಗೆ ಒಂದು ಪಾಠ

ಮೊದಲು ಒಂದು ವೈವಾ ಪ್ರಶ್ನೆ. ಬೋಟಿನ ಹೊಟ್ಟೆಯೊಳಗೆ ಡೀಸೆಲ್ ಎಂಜಿನ್ ಇದೆ. ಹಿಂದೆ ನೀರಿನಡಿ ಫ್ಯಾನ್ ತಿರುಗ್ತಾ ಇದೆ (ಪ್ರೊಪೆಲ್ಲರ್‌ಗೆ ಬಂದರಿನಲ್ಲಿ ಎಲ್ಲರೂ ಫ್ಯಾನ್ ಅಂತಲೇ ಹೇಳೋದು, ನಾವೂ ಹಾಗೇ ಕರೆಯೋಣ). ಫ್ಯಾನ್ ನೀರನ್ನು ಹಿಂದಕ್ಕೆ ದೂಡುತ್ತೆ, ನ್ಯೂಟನ್ನನ ಮೂರನೇ ನಿಯಮದಂತೆ ನೀರು ಫ್ಯಾನನ್ನು ಮುಂದಕ್ಕೆ ದೂಡುತ್ತೆ. ಇಲ್ಲಿವರೆಗೆ ಎಲ್ಲರೂ ಹೇಳ್ತಾರೆ. ಆದರೆ ಫ್ಯಾನಿಗೆ ಸಿಕ್ಕ ಆ ನೂಕುಬಲ ಬೋಟಿಗೆ ದಾಟುವುದು ಯಾವ ಜಾಗದಲ್ಲಿ?

ಕಳೆದ ಮೇ ತಿಂಗಳಲ್ಲಿ ಈ ಪ್ರಶ್ನೆಯನ್ನು ಯಾರಾದರೂ ನಮಗೆ ಕೇಳಿದ್ದರೆ ನಮ್ಮ ಕ್ಲಾಸ್‌ಮೇಟಿನ ಮಾವನಿಗೆ ಮೂವತ್ತು ಸಾವಿರ ರೂಪಾಯಿ ಉಳಿಯುತ್ತಿತ್ತು. ಅದಕ್ಕೇ ಈ ಲೇಖನ.

ಉತ್ತರವನ್ನು ಹಿಂದಿನಿಂದ ಮುಂದಕ್ಕೆ ಹುಡುಕ್ಕೊಂಡು ಹೋಗೋಣ. ಫ್ಯಾನ್ ಶಾಫ್ಟನ್ನು ಮುಂದಕ್ಕೆ ಒತ್ತುತ್ತೆ. ಶಾಫ್ಟ್ ಸ್ಟರ್ನ್ ಟ್ಯೂಬಿನೊಳಗೆ ಹಾದು ಬಂದರೂ ಅಲ್ಲಿನ ಬುಷ್ ಅದನ್ನು ಅಕ್ಕಪಕ್ಕ ಅಲುಗದ ಹಾಗೆ ಹಿಡಿಯುತ್ತೆ ಅಷ್ಟೇ, ಮುಂದೆ ಹೋಗೋದನ್ನು ತಡೆಯಲ್ಲ. ಶಾಫ್ಟ್ ಕಪ್ಲಿಂಗಿಗೆ, ಕಪ್ಲಿಂಗ್ ಗೇರ್‌ಬಾಕ್ಸಿಗೆ. ಗೇರ್‌ಬಾಕ್ಸಿನೊಳಗೆ ಥ್ರಸ್ಟ್ ಬೇರಿಂಗ್ ಇದೆ, ನೂಕುಬಲ ಅಲ್ಲಿ ನಿಲ್ಲುತ್ತೆ. ಅಲ್ಲಿಂದ ಗೇರ್‌ಬಾಕ್ಸ್ ಮತ್ತು ಎಂಜಿನ್ನಿನ ಕಾಲುಗಳಿಗೆ, ಕಾಲಿನ ಬೋಲ್ಟುಗಳಿಂದ ಎಂಜಿನ್ ಕೂತಿರುವ ಎರಡು ಉದ್ದನೆಯ ದಿಮ್ಮಿಗಳಿಗೆ, ದಿಮ್ಮಿಗಳಿಂದ ಬೋಟಿನ ಫ್ರೇಮಿಗೆ. ಆ ದಿಮ್ಮಿಗಳನ್ನೇ ಎಂಜಿನ್ ಬೆಡ್ ಅನ್ನೋದು. ನೂರು ಅಶ್ವಶಕ್ತಿಯ ಟ್ರಾಲ್ ಬೋಟು ಬಲೆ ಎಳೆಯುವಾಗ ಸರಿಸುಮಾರು ಒಂದು ಟನ್ ನೂಕುಬಲ ಹುಟ್ಟುತ್ತೆ. ಅಷ್ಟೂ ಭಾರ ಕೆಲವೇ ಬೋಲ್ಟುಗಳ ಮೂಲಕ ಮರಕ್ಕೆ ದಾಟಬೇಕು. ಜೊತೆಗೆ ತಿರುಚುಬಲ ಬೇರೆ: 3:1 ಗೇರ್ ಇದ್ದು ಶಾಫ್ಟ್ ನಿಮಿಷಕ್ಕೆ 600 ಸುತ್ತು ತಿರುಗಿದರೆ, ನೂರು ಅಶ್ವಶಕ್ತಿಗೆ ಸುಮಾರು 1190 ನ್ಯೂಟನ್-ಮೀಟರ್. ಇದು ಎಂಜಿನ್ನಿನ ಒಂದು ಪಕ್ಕದ ಕಾಲನ್ನು ಒತ್ತಿ ಇನ್ನೊಂದು ಪಕ್ಕದ ಕಾಲನ್ನು ಎತ್ತೋಕೆ ನೋಡುತ್ತೆ, ದಿನಕ್ಕೆ ಹತ್ತು ಹನ್ನೆರಡು ಗಂಟೆ, ವರ್ಷಕ್ಕೆ ಹತ್ತು ತಿಂಗಳು.

ನಾಡದೋಣಿಗೆ ಹಾಕುವ ಔಟ್‌ಬೋರ್ಡಿನಲ್ಲಿ ಈ ತಲೆನೋವಿಲ್ಲ. ಎಂಜಿನ್, ಗೇರು, ಫ್ಯಾನು ಎಲ್ಲ ಒಂದೇ ತುಂಡು. ಕೆಟ್ಟರೆ ಬಿಚ್ಚಿ ರಿಕ್ಷಾದಲ್ಲಿ ಹಾಕ್ಕೊಂಡು ಗ್ಯಾರೇಜಿಗೆ ಹೋಗಬಹುದು. ಇನ್‌ಬೋರ್ಡಿನಲ್ಲಿ ಎಂಜಿನ್ನೂ ಒಡಲೂ ಸೇರಿ ಒಂದು ಯಂತ್ರ. ಹಳೇ ಬೋಟು ಕೊಳ್ಳೋಕೆ ಹೋದವರು ಎಂಜಿನ್ ಶಬ್ದ ಕೇಳ್ತಾರೆ, ಹೊರಗಿನ ಬಣ್ಣ ನೋಡ್ತಾರೆ. ಎರಡೂ ಸೇರುವ ಜಾಗಕ್ಕೆ ಬಗ್ಗಿ ನೋಡಲ್ಲ. ನಾವೂ ನೋಡಲಿಲ್ಲ.

ಗೆಳೆಯನ ಮಾವ ಗಂಗೊಳ್ಳಿಯವರು. ಹದಿನೈದು ವರ್ಷ ಬೇರೆಯವರ ಬೋಟಿನಲ್ಲಿ ದುಡಿದವರು, ಕೊನೆಯ ಆರು ವರ್ಷ ತಾಂಡೇಲರಾಗಿ. ಸ್ವಂತದ್ದೊಂದು ಬೋಟು ಮಾಡಬೇಕು ಅಂತ ಕೂಡಿಟ್ಟ ಹಣ, ಅತ್ತೆಯ ಬಳೆ ಅಡವಿಟ್ಟು ತಂದ ಸಾಲ, ಎರಡೂ ಸೇರಿಸಿ ಕೈಯಲ್ಲಿ ಏಳು ಲಕ್ಷ ಇತ್ತು. 34 ಅಡಿಯ ಮರದ ಟ್ರಾಲ್ ಬೋಟೊಂದು ಮಾರಾಟಕ್ಕಿದೆ, ಹೊರಗಿಂದ ಫೈಬರ್ ಹೊದಿಸಿದ್ದಾರೆ, ಆರು ಸಿಲಿಂಡರಿನ ಎಂಜಿನ್, ಒಂಬತ್ತು ಹೇಳ್ತಾರೆ, ಏಳಕ್ಕೆ ಬರಬಹುದು ಅಂತ ಸುದ್ದಿ ಬಂತು. ಮಾವ ನಮಗೆ ಹೇಳಿದ್ದು ಇಷ್ಟೇ: "ಸಮುದ್ರ ನಂಗೊತ್ತಿತ್ತ್. ಮಿಷನ್ ನೀವು ಓದಿದ್ದಲ್ದಾ, ಬಂದ್ ಕಾಣಿ ಮಕ್ಳೇ."

ನಾವು ನಾಲ್ವರು ಮೆಕ್ಯಾನಿಕಲ್‌ನವರು, ಒಬ್ಬಳು ಎಲೆಕ್ಟ್ರಿಕಲ್‌ನವಳು. ಲ್ಯಾಬ್ ಇನ್‌ಸ್ಟ್ರಕ್ಟರ್ ಹತ್ತಿರ ಬೇಡಿ ಆಪ್ಟಿಕಲ್ ಟ್ಯಾಕೋಮೀಟರು, ಐಆರ್ ಥರ್ಮಾಮೀಟರು ತಗೊಂಡು, ಮೇ ಕೊನೆಯ ವಾರದಲ್ಲಿ ಬೆಳಿಗ್ಗೆ ಏಳಕ್ಕೆ ದಕ್ಕೆಗೆ ಹೋದೆವು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ನಮ್ಮ ಕರಾವಳಿಯಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಹಾಗಾಗಿ ನೀರಲ್ಲಿ ಓಡಿಸಿ ನೋಡೋದಿದ್ದರೆ ಮೇ ಮುಗಿಯುವುದರೊಳಗೆ, ಮೇಲಕ್ಕೆ ಎಳೆದು ತಳ ನೋಡೋದಿದ್ದರೆ ಜೂನಿನಲ್ಲಿ. ಈ ಎರಡು ಭೇಟಿಯ ನಡುವೆಯೇ ಜನ ಎಡವೋದು.

ನಾವು ಇಳಿದ ಕೂಡಲೇ ಮಾರುವವರ ಡ್ರೈವರು ಎಂಜಿನ್ ಸ್ಟಾರ್ಟ್ ಮಾಡಿ ತೋರಿಸಿದರು. ಒಂದೇ ಸಲಕ್ಕೆ ಹೊಡೆಯಿತು. ನಮಗೆ ಖುಷಿಯೋ ಖುಷಿ. ಆಮೇಲೆ ಒಬ್ಬನಿಗೆ ಅನುಮಾನ ಬಂದು ಐಆರ್ ಗನ್ನಿನ ಮೆಮೊರಿ ನೋಡಿದ. ಸ್ಟಾರ್ಟಿಗೆ ಮುಂಚೆ ಸುಮ್ಮನೆ ಆಟಕ್ಕೆ ಬ್ಲಾಕಿಗೆ ಹಿಡಿದಿದ್ದ ಓದು 52 ಡಿಗ್ರಿ! ಬೆಳಗಿನ ಗಾಳಿ 28 ಡಿಗ್ರಿ. ಅಂದರೆ ನಾವು ಬರುವ ಮೊದಲೇ ಅದನ್ನು ಓಡಿಸಿ ಬಿಸಿ ಮಾಡಿಟ್ಟಿದ್ದರು. ಡೀಸೆಲ್ ಎಂಜಿನ್ನಿಗೆ ಸ್ಪಾರ್ಕ್ ಪ್ಲಗ್ ಇಲ್ಲ, ಗಾಳಿಯನ್ನು ಅದುಮಿದಾಗ ಏಳುವ ಬಿಸಿಯೇ ಕಿಡಿ. ರಿಂಗು, ವಾಲ್ವು ಸವೆದು ಕಂಪ್ರೆಶನ್ ಸೋರಿದರೆ ತಣ್ಣಗಿರುವಾಗ ಆ ಬಿಸಿ ಸಾಲದೆ ಎಂಜಿನ್ ಬಹಳ ಹೊತ್ತು ಗೊರಗುಟ್ಟುತ್ತೆ, ಬಿಳಿ ಹೊಗೆ ಉಗುಳುತ್ತೆ. ಬಿಸಿ ಎಂಜಿನ್ನಿನಲ್ಲಿ ಈ ರೋಗ ಕಾಣಲ್ಲ. "ನಾಳೆ ಬೆಳಿಗ್ಗೆ ನಾವೇ ಬಂದು ಮೊದಲು ಮುಟ್ಟಿ ನೋಡ್ತೇವೆ" ಅಂತ ಹೇಳಬೇಕಿತ್ತು. ಹೇಳಲಿಲ್ಲ. ದೂರದಿಂದ ಬಂದಿದ್ದೇವೆ, ಅವರು ಎಳನೀರು ಕೊಟ್ಟಿದ್ದಾರೆ, ಮುಖದ ಮೇಲೆ ಹ್ಯಾಗೆ ಕೇಳೋದು ಅನ್ನೋ ಸಂಕೋಚ.

ಅಳಿವೆ ದಾಟಿ ಹೊರಗೆ ಹೋದೆವು. ಇಲ್ಲಿ ಮಾತ್ರ ನಮ್ಮ ಕಾಲೇಜು ವಿದ್ಯೆ ಕೆಲಸಕ್ಕೆ ಬಂತು. ಶಾಫ್ಟಿಗೆ ಪ್ರತಿಫಲಿಸುವ ಸ್ಟಿಕ್ಕರ್ ಅಂಟಿಸಿ, ಪೂರ್ತಿ ಆಕ್ಸಿಲರೇಟರ್ ಕೊಟ್ಟು ಟ್ಯಾಕೋಮೀಟರ್ ಹಿಡಿದಾಗ ಬಂದದ್ದು 500. ಗೇರ್ 3:1, ಹಾಗಾದರೆ ಎಂಜಿನ್ 1500. ಹೆಸರು ಫಲಕದ ಮೇಲೆ ಕೊರೆದದ್ದು 1800. "ಮುನ್ನೂರು ಕಡಿಮೆ ಅಷ್ಟೇ ಅಲ್ವಾ" ಅಂತ ಅನ್ನಿಸಬಹುದು. ಆದರೆ ಫ್ಯಾನ್ ಹೀರುವ ಶಕ್ತಿ ಸುತ್ತಿನ ಘನಕ್ಕೆ ಅನುಪಾತದಲ್ಲಿರುತ್ತೆ. 1500ನ್ನು 1800ರಿಂದ ಭಾಗಿಸಿ ಮೂರನೇ ಘಾತಕ್ಕೆ ಏರಿಸಿದರೆ 0.58. ತಳ ಸ್ವಚ್ಛವಾಗಿದ್ದು ಫ್ಯಾನ್ ಆ ಬೋಟಿಗೆ ತಕ್ಕದ್ದೇ ಆಗಿದ್ದರೆ, ಎಂಜಿನ್ ಕೊಡುತ್ತಿರುವುದು ತನ್ನ ಶಕ್ತಿಯ ನೂರಕ್ಕೆ 58 ಮಾತ್ರ. ಹೊಗೆಯೂ ಕಪ್ಪಗಿತ್ತು. ಡ್ರೈವರನ್ನು ಕೇಳಿದರೆ "ಸೀಸನ್ ಕೊನೆ, ತಳಕ್ಕೆ ಚಿಪ್ಪು ಕಟ್ಟಿದೆ, ಅದಕ್ಕೆ ಎಳೀತಿದೆ" ಅಂದರು. ಅದೂ ಸಾಧ್ಯವೇ. ಚಿಪ್ಪು ಕಟ್ಟಿದ ತಳ, ದೊಡ್ಡ ಫ್ಯಾನು, ಬಳಲಿದ ಇಂಜೆಕ್ಟರು, ಮೂರೂ ಟ್ಯಾಕೋಮೀಟರಿನಲ್ಲಿ ಒಂದೇ ಥರ ಕಾಣುತ್ತವೆ. ಯಾವುದು ಅಂತ ತೀರ್ಮಾನ ಆಗೋದು ಬೋಟು ಮೇಲಕ್ಕೆ ಬಂದ ಮೇಲೆ.

ಈ 58ರ ಲೆಕ್ಕದಲ್ಲಿ ನಾವು ಎಷ್ಟು ಮುಳುಗಿದೆವೆಂದರೆ, ಕಣ್ಣೆದುರೇ ಇದ್ದ ಮೂರು ವಿಷಯ ಪುಸ್ತಕದಲ್ಲಿ ಬರೆದುಕೊಂಡೂ ಅರ್ಥ ಮಾಡಿಕೊಳ್ಳಲಿಲ್ಲ.

ಒಂದು, ಗ್ಲ್ಯಾಂಡ್. ಶಾಫ್ಟ್ ಬೋಟಿನ ಒಡಲನ್ನು ತೂರಿ ಹೊರಗೆ ಹೋಗುವಲ್ಲಿ ನೀರು ಒಳಗೆ ಬರದ ಹಾಗೆ ಹಗ್ಗದಂಥ ಪ್ಯಾಕಿಂಗನ್ನು ಅದುಮಿ ಕೂರಿಸಿರ್ತಾರೆ. ಅದು ಪೂರ್ತಿ ಒಣಗಿರಬಾರದು. ಓಡುವಾಗ ನಿಮಿಷಕ್ಕೆ ಕೆಲವು ಹನಿ ಬೀಳಬೇಕು, ಆ ನೀರೇ ಅದನ್ನು ತಂಪಾಗಿಡೋದು. ಇಲ್ಲಿ ಬೋಟು ನಿಂತಿದ್ದಾಗಲೂ ಸಣ್ಣ ಧಾರೆ ಕಟ್ಟಿತ್ತು. ಡ್ರೈವರು ಸ್ಪ್ಯಾನರ್ ಹಾಕಿ ಬಿಗಿ ಮಾಡಿದರು, ಧಾರೆ ನಿಂತಿತು. ಇಪ್ಪತ್ತು ನಿಮಿಷ ಓಡಿದ ಮೇಲೆ ಗ್ಲ್ಯಾಂಡ್ 74 ಡಿಗ್ರಿ. (ಹೊಳೆಯುವ ಲೋಹದ ಮೇಲೆ ಐಆರ್ ಗನ್ ಕಡಿಮೆ ತೋರಿಸುತ್ತೆ. ಕಪ್ಪು ಇನ್ಸುಲೇಶನ್ ಟೇಪ್ ಒಂದು ತುಂಡು ಅಂಟಿಸಿ ಅದರ ಮೇಲೆ ಹಿಡಿಯಿರಿ. ಈ ಬುದ್ಧಿ ನಮಗೆ ಹೇಳಿಕೊಟ್ಟದ್ದು ಎಲೆಕ್ಟ್ರಿಕಲ್‌ನವಳು.) ಬಿಟ್ಟರೆ ಸುರಿಯುತ್ತೆ, ಬಿಗಿದರೆ ಸುಡುತ್ತೆ ಅಂದರೆ ಪ್ಯಾಕಿಂಗ್ ಮಾತ್ರ ಹಳತಾಗಿರೋದಲ್ಲ, ಶಾಫ್ಟೇ ನಡುವಿನಲ್ಲಿ ಕೂತಿಲ್ಲ.

ಎರಡು, ಎಂಜಿನ್ನಿನ ಹಿಂದಿನ ಎಡಗಾಲಿನ ಕೆಳಗೆ ತಗಡಿನ ಪಟ್ಟಿಗಳು ಒಂದರ ಮೇಲೊಂದು ನಾಲ್ಕು. ಬೇರೆ ಕಾಲುಗಳಿಗೆ ಒಂದೊಂದೇ. ಆ ಕಾಲಿನ ಬೋಲ್ಟು ಮಾತ್ರ ಹೊಸತು, ಉಳಿದವಕ್ಕಿಂತ ಒಂದು ಸೈಜು ದಪ್ಪ.

ಮೂರು, ಇಡೀ ಎಂಜಿನ್ ಕೋಣೆ ಎಣ್ಣೆ ಕುಡಿದು ಕಪ್ಪಾಗಿದ್ದರೂ ಬೆಡ್ಡಿನ ಮೇಲೆ ಹೊಸ ಬೂದು ಬಣ್ಣ. ನಮ್ಮಲ್ಲೊಬ್ಬ "ಚೆನ್ನಾಗಿ ಮೇಂಟೇನ್ ಮಾಡಿದ್ದಾರೆ" ಅಂತ ಬರೆದಿದ್ದಾನೆ. ಅವನ ಹೆಸರು ಇಲ್ಲಿ ಹಾಕುವುದಿಲ್ಲ, ಈ ಲೇಖನ ಟೈಪ್ ಮಾಡ್ತಿರೋದು ಅವನೇ.

ಕಪ್ಲಿಂಗಿನ ಬೋಲ್ಟು ಬಿಚ್ಚಿ ಎರಡು ಮುಖಗಳ ನಡುವೆ ಫೀಲರ್ ಗೇಜ್ ಹಾಕಿ ನೋಡ್ತೇವೆ ಅಂತ ಕೇಳಿದೆವು. ಸಾಮಾನ್ಯ ನಿಯಮ ಏನೆಂದರೆ, ಕಪ್ಲಿಂಗಿನ ವ್ಯಾಸದ ಪ್ರತಿ ಇಂಚಿಗೆ ಸಾವಿರದ ಒಂದಂಶ ಇಂಚಿಗಿಂತ ಹೆಚ್ಚು ವ್ಯತ್ಯಾಸ ಇರಬಾರದು. ಆರು ಇಂಚಿನ ಕಪ್ಲಿಂಗಾದರೆ ಆರು ಸಾವಿರಾಂಶ, ಅಂದರೆ 0.15 ಮಿಲಿಮೀಟರ್. ಈ ಅಳತೆ ಬೋಟು ನೀರಿನಲ್ಲಿರುವಾಗಲೇ ಆಗಬೇಕು, ಯಾಕೆಂದರೆ ದಡಕ್ಕೆ ಎಳೆದಾಗ ಒಡಲಿನ ಆಕಾರ ಸ್ವಲ್ಪ ಬದಲಾಗುತ್ತೆ. ಅವರು ಬಿಚ್ಚೋಕೆ ಬಿಡಲಿಲ್ಲ. "ಈಗ ಬಿಚ್ಚಿದರೆ ಮತ್ತೆ ಕೂರಿಸೋಕೆ ಅರ್ಧ ದಿನ" ಅಂದರು. ನಾವು ಸುಮ್ಮನಾದೆವು.

ದಡಕ್ಕೆ ಬಂದು ಮಾವನಿಗೆ ನಾವು ಕೊಟ್ಟ ವರದಿ: ಎಂಜಿನ್ ಸೊರಗಿದೆ, ಇಂಜೆಕ್ಟರ್ ಮತ್ತು ಪಂಪ್ ಕ್ಯಾಲಿಬ್ರೇಶನ್ ಮಾಡಿಸಿದರೆ ಸರಿ ಹೋಗುತ್ತೆ, ಆಯಿಲಿನಲ್ಲಿ ನೀರು ಬೆರೆತಿಲ್ಲ, ಹಾಲಿನ ಬಣ್ಣಕ್ಕೆ ತಿರುಗಿಲ್ಲ, ರಿಪೇರಿ ಖರ್ಚು ಬೆಲೆಯಲ್ಲಿ ಕಳೆಯಿರಿ. ಮಾವ ಏಳೂಕಾಲಕ್ಕೆ ಮಾತು ಮುಗಿಸಿ ಐವತ್ತು ಸಾವಿರ ಮುಂಗಡ ಕೊಟ್ಟರು. ಕಾಗದ ಏನೂ ಇಲ್ಲ, ನಾಲ್ಕು ಜನರ ಎದುರು ಕೈಗೆ ಕೈ.

ಜೂನ್ ಮೊದಲ ವಾರ ಬೋಟು ಮೇಲಕ್ಕೆ ಬಂತು. ಈ ಸಲ ಮಾವ ಜೊತೆಗೆ ತಮ್ಮ ಪರಿಚಯದ ಆಚಾರಿಯೊಬ್ಬರನ್ನು ಕರೆತಂದಿದ್ದರು. ಬೋಟು ಕಟ್ಟಿ ಕಟ್ಟಿಯೇ ತಲೆ ನೆರೆತವರು. ಕೈಯಲ್ಲಿ ಒಂದು ಸಣ್ಣ ಸುತ್ತಿಗೆ, ಒಂದು ದಬ್ಬಣ. ನಮ್ಮ ಪೆಟ್ಟಿಗೆ ತುಂಬ ಉಪಕರಣ ನೋಡಿ ನಕ್ಕರು, ಕೆಟ್ಟದಾಗಿ ಅಲ್ಲ.

ತಳದಲ್ಲಿ ಚಿಪ್ಪು ಹೇಳುವಷ್ಟೇನೂ ಇರಲಿಲ್ಲ. ಫ್ಯಾನನ್ನು ಎರಡು ಕೈಯಲ್ಲಿ ಹಿಡಿದು ಎತ್ತಿದರೆ ಶಾಫ್ಟ್ ಬುಷ್ಷಿನೊಳಗೆ ಸುಮಾರು 4 ಮಿಲಿಮೀಟರ್ ಕುಣಿಯಿತು, ಸವೆತ ಎಲ್ಲ ಒಂದೇ ಪಕ್ಕ. ಆಚಾರಿ ಒಡಲಿನ ಉದ್ದಕ್ಕೂ ಸುತ್ತಿಗೆಯಿಂದ ತಟ್ಟುತ್ತಾ ಹೋದರು. ಟಣ್ ಟಣ್ ಅಂತ ಗಟ್ಟಿ ಸದ್ದು. ಮೀನು ತುಂಬುವ ಕೋಣೆ ಮುಗಿದು ಎಂಜಿನ್ ಕೋಣೆ ಶುರುವಾಗುವಲ್ಲಿ ಸದ್ದು ದಬ್ ದಬ್ ಆಯಿತು, ಹಲಸಿನ ಹಣ್ಣಿಗೆ ತಟ್ಟಿದ ಹಾಗೆ. ಒಳಗೆ ಇಳಿದು, ಆ ಹೊಸ ಬೂದು ಬಣ್ಣದ ಮೇಲೆ ದಬ್ಬಣ ಇಟ್ಟು ಅಂಗೈಯಿಂದ ಒತ್ತಿದರು. ಹಿಡಿಯವರೆಗೆ ಹೋಯಿತು. ಹಿಂದಕ್ಕೆ ಎಳೆದಾಗ ತುದಿಯಲ್ಲಿ ಒದ್ದೆ ಕಾಫಿ ಚರಟದಂಥ ಪುಡಿ.

ಮಾವ ಏನೂ ಮಾತಾಡಲಿಲ್ಲ. ಬೋಟಿನಿಂದ ಇಳಿದು ಬೀಡಿ ಹಚ್ಚಿದರು.

ಉಪ್ಪುನೀರಿನಲ್ಲಿ ಇಪ್ಪತ್ತು ವರ್ಷ ಇದ್ದದ್ದಲ್ವಾ, ಕೊಳೆಯದೆ ಇರುತ್ತಾ ಅಂತ ನಮ್ಮಲ್ಲೊಬ್ಬ ಕೇಳಿದ. ಆಚಾರಿ ಹೇಳಿದ್ದು ನಮ್ಮ ಮೆಟೀರಿಯಲ್ ಸೈನ್ಸ್ ಕ್ಲಾಸಿನಲ್ಲಿ ಬಂದಿರಲಿಲ್ಲ: ಮರ ಕೊಳೆಸುವುದು ಉಪ್ಪುನೀರಲ್ಲ, ಸಿಹಿನೀರು. ಆಮೇಲೆ ಓದಿ ನೋಡಿದರೆ ಹೌದು. ಕೊಳೆತ ಅಂದರೆ ಶಿಲೀಂಧ್ರದ ಕೆಲಸ, ಉಪ್ಪಿನಲ್ಲಿ ಅದಕ್ಕೆ ಬೆಳೆಯೋದು ಕಷ್ಟ. ಉಪ್ಪುನೀರಿನ ಕಾಟ ಬೇರೆ ಬಗೆಯದು, ಟೆರಿಡೋ ಎಂಬ ಹಡಗುಹುಳು. ಹೆಸರಿಗೆ ಹುಳು, ಜಾತಿಯಲ್ಲಿ ಮರುವಾಯಿಯ ದೂರದ ನೆಂಟ, ಮರವನ್ನು ಒಳಗಿಂದ ಕೊಳವೆಯಂತೆ ಕೊರೆಯುತ್ತೆ. ಹೊರಗಿನ ಫೈಬರ್ ಹೊದಿಕೆ ಅದನ್ನು ತಡೆಯುತ್ತೆ. ಆದರೆ ಒಳಗೆ ಹೊಕ್ಕ ನೀರು ಹೊರಗೆ ಆರಿಹೋಗದ ಹಾಗೂ ಅದೇ ಹೊದಿಕೆ ತಡೆಯುತ್ತೆ.

ಸರಿ, ಸಮುದ್ರದ ನಡುವೆ ಸಿಹಿನೀರು ಎಲ್ಲಿಂದ? ಒಂದು ಮಳೆ. ನಿಷೇಧದ ಎರಡು ತಿಂಗಳು ಬೋಟು ದಡದಲ್ಲಿ ಕೂತಾಗಲೇ ನಮ್ಮ ಮಳೆಗಾಲದ ಜಡಿ, ಮುಚ್ಚಿದ ಟಾರ್ಪಾಲು ಎಲ್ಲೋ ಒಂದು ಕಡೆ ಹರಿದಿದ್ದರೆ ಸಾಕು. ಇನ್ನೊಂದು ನಮಗೆ ಹೊಳೆದೇ ಇರಲಿಲ್ಲ: ಮಂಜುಗಡ್ಡೆ. ಮೀನಿನ ಮೇಲೆ ಸುರಿಯುವ ಪುಡಿ ಮಂಜು ಕರಗಿ ದಿನವೂ ಸಿಹಿನೀರು ತಳಕ್ಕೆ ಇಳಿಯುತ್ತೆ. ನಡುವಿನ ಗೋಡೆಯ ಒಂದು ಬಿರುಕಿನಿಂದ ಅದು ವರ್ಷಗಟ್ಟಲೆ ಬೆಡ್ಡಿನ ಎಡ ದಿಮ್ಮಿಯ ಬುಡಕ್ಕೆ ಜಿನುಗಿತ್ತು. ಮೇಲಿಂದ ಎಂಜಿನ್ನಿನ ಬಿಸಿ. ಶಿಲೀಂಧ್ರಕ್ಕೆ ಇನ್ನೇನು ಬೇಕು.

ಈಗ ಮೇ ತಿಂಗಳ ಪುಸ್ತಕ ತೆಗೆದು ಓದಿದರೆ ಪ್ರತಿ ಸಾಲೂ ಅರ್ಥವಾಯಿತು. ದಿಮ್ಮಿ ಮೆತ್ತಗಾಗಿ ಹಿಂದಿನ ಎಡಗಾಲು ಕುಸಿದಿದೆ. ಅದಕ್ಕೆ ತಗಡಿನ ಪಟ್ಟಿ. ಬೋಲ್ಟಿನ ತೂತು ಸಡಿಲವಾಗಿದೆ, ಅದಕ್ಕೆ ದಪ್ಪ ಬೋಲ್ಟು. ಎಂಜಿನ್ ವಾಲಿದ್ದರಿಂದ ಶಾಫ್ಟ್ ಓರೆಯಾಗಿ ಬುಷ್ ಒಂದೇ ಪಕ್ಕ ಸವೆದಿದೆ. ಶಾಫ್ಟ್ ಕುಣಿಯೋದರಿಂದ ಗ್ಲ್ಯಾಂಡ್ ಒಮ್ಮೆ ಸುರಿಯುತ್ತೆ, ಒಮ್ಮೆ ಸುಡುತ್ತೆ. ಇದನ್ನೆಲ್ಲ ಮುಚ್ಚೋಕೆ ಬಣ್ಣ. ನಮ್ಮ ಹೆಮ್ಮೆಯ 58ರ ಲೆಕ್ಕವೂ ಸುಳ್ಳಾಗಲಿಲ್ಲ, ತಳ ಸ್ವಚ್ಛವಿದ್ದದ್ದರಿಂದ ಎಂಜಿನ್ ಬಳಲಿದೆ ಅನ್ನೋದಕ್ಕೆ ಇನ್ನೂ ಬಲವೇ ಬಂತು. ಆದರೆ ಅದು ಸಣ್ಣ ರೋಗ, ಇಂಜೆಕ್ಟರ್ ಅಂಗಡಿಯಲ್ಲಿ ಗುಣವಾಗುವಂಥದ್ದು.

ಬೆಡ್ ಬದಲಿಸೋಕೆ ಏನೇನಾಗಬೇಕು ಅಂತ ಆಚಾರಿ ಎಣಿಸಿದರು. ಡೆಕ್ ಬಿಚ್ಚಿ ಕ್ರೇನಿನಲ್ಲಿ ಎಂಜಿನ್ ಎತ್ತಬೇಕು. ಎರಡೂ ದಿಮ್ಮಿ ತೆಗೆಯಬೇಕು, ಒಂದು ಹೊಸತು ಒಂದು ಹಳತು ಇಟ್ಟರೆ ಕೂರುವುದಿಲ್ಲ. ಅದಕ್ಕೆ ತಾಗಿದ ಫ್ರೇಮುಗಳು ಎಷ್ಟು ಕೊಳೆತಿವೆ ಅಂತ ಆಮೇಲೆಯೇ ಗೊತ್ತಾಗೋದು. ಫೈಬರ್ ಕತ್ತರಿಸಿ ಮತ್ತೆ ಹೊದಿಸಬೇಕು, ಅದು ಒಣ ಹವೆಯಲ್ಲಿ ಆಗಬೇಕು, ಜೂನಿನಲ್ಲಿ ಒಣ ಹವೆ ಎಲ್ಲಿ? ಕೊನೆಗೆ ಹೊಸ ಬುಷ್, ಶಾಫ್ಟ್, ನೀರಿಗಿಳಿಸಿ ಅಲೈನ್‌ಮೆಂಟ್. ಮೂರು ಲಕ್ಷಕ್ಕೆ ಕಮ್ಮಿಯಿಲ್ಲ, ಮೇಲೆ ಎಷ್ಟು ಅಂತ ಹೇಳಲ್ಲ ಅಂದರು. ಆಗಸ್ಟಿನ ಮೊದಲ ದಿನಗಳ ಸಿಗಡಿ ತಪ್ಪಿದರೆ ಸಾಲದ ಕಂತು ಕಟ್ಟೋಕೆ ದಾರಿಯಿಲ್ಲ ಅನ್ನೋದು ಮಾವನ ಲೆಕ್ಕ. ಅದರ ಮುಂದೆ ನಮ್ಮ ಲೆಕ್ಕ ಯಾವುದೂ ದೊಡ್ಡದಲ್ಲ. ಬೋಟು ಬೇಡ ಅಂದರು.

ಮುಂಗಡದಲ್ಲಿ ಇಪ್ಪತ್ತು ಸಾವಿರ ವಾಪಸ್ ಬಂತು. ಉಳಿದದ್ದು "ಬೇರೆ ಗಿರಾಕಿ ಸಿಕ್ಕಿದ ಮೇಲೆ" ಅಂತೆ. ಮಾರಿದವರನ್ನು ಪೂರ್ತಿ ದೂರೋಕೂ ನಮಗೆ ಬಾಯಿಲ್ಲ. ಬಿಚ್ಚಿ ನೋಡೋಕೆ ಬಿಡದಿದ್ದಾಗ ಎದ್ದು ಬರೋದು ನಮ್ಮ ಕೈಯಲ್ಲಿತ್ತು. ಮುಂಗಡ ಕೊಡುವಾಗ ಒಂದು ಹಾಳೆಯಲ್ಲಿ "ಬೋಟನ್ನು ಮೇಲೆ ಎಳೆದು ಒಡಲು ನೋಡಿದ ಮೇಲೆ ಒಪ್ಪಿಗೆಯಾಗದಿದ್ದರೆ ಮುಂಗಡ ವಾಪಸ್" ಅಂತ ಎರಡು ಸಾಲು ಬರೆದು ಸಹಿ ಹಾಕಿಸೋದನ್ನು ಮಾವನಿಗೆ ಹೇಳಬೇಕಾದವರೂ ನಾವೇ, ನಾಲ್ಕಕ್ಷರ ಓದಿದವರು.

ಕಾಗದಪತ್ರದ ವಿಷಯಕ್ಕೆ ಬಂದದ್ದರಿಂದ ಅದನ್ನೂ ಹೇಳಿಬಿಡ್ತೇವೆ. ಐಎನ್‌ಡಿ-ಕೆಎ ಅಂತ ಶುರುವಾಗುವ ನೋಂದಣಿ ಸಂಖ್ಯೆ ಬೋಟಿನ ಮೇಲೂ ಸರ್ಟಿಫಿಕೇಟಿನಲ್ಲೂ ಒಂದೇ ಇದೆಯಾ, ಎಂಜಿನ್ ನಂಬರು ಮತ್ತು ಅಶ್ವಶಕ್ತಿ ಕಾಗದದಲ್ಲಿದ್ದದ್ದೇ ಬೋಟಿನಲ್ಲಿದೆಯಾ ನೋಡಿ. ಹಳೇ ಬೋಟಿನಲ್ಲಿ ಎಂಜಿನ್ ನಡುವೆ ಬದಲಾಗಿರೋದು ಮಾಮೂಲು, ಕಾಗದ ಬದಲಾಗದೆ ಉಳಿದಿರೋದೂ ಮಾಮೂಲು. ಬೋಟಿನ ಮೇಲೆ ಸಾಲ ಇದ್ದರೆ ತೀರಿದ ಪತ್ರ, ಮೀನುಗಾರಿಕೆ ಲೈಸೆನ್ಸ್, ವಿಮೆ ಕೇಳಿ. ವರ್ಗಾವಣೆ ಮುಗಿಯುವವರೆಗೆ ಪೂರ್ತಿ ಹಣ ಕೊಡಬೇಡಿ. ಅದೇ ಬೋಟನ್ನು ಮೀನುಗಾರಿಕೆ ಬಿಟ್ಟು ಹೊಳೆಯಲ್ಲಿ ಪ್ರವಾಸಿಗರನ್ನು ಸುತ್ತಾಡಿಸೋಕೆ ಬಳಸುವ ಯೋಚನೆ ಇದ್ದರೆ ಕಾನೂನೇ ಬೇರೆ, 2021ರ ಒಳನಾಡು ಹಡಗು ಕಾಯ್ದೆ ನೋಡಬೇಕು.

ಈಗ ನಾವು ಬೋಟು ನೋಡುವ ಕ್ರಮ ತಿರುಗುಮುರುಗಾಗಿದೆ. ಹೋದ ತಕ್ಷಣ, ಯಾರೂ ಸ್ಟಾರ್ಟ್ ಮಾಡುವ ಮೊದಲು ಬ್ಲಾಕಿನ ಮೇಲೆ ಕೈ. ಆಮೇಲೆ ಟಾರ್ಚ್ ಹಿಡಿದು ಬೆಡ್ಡಿನ ಉದ್ದಕ್ಕೂ, ಅದರಲ್ಲೂ ಬುಡದಲ್ಲಿ ಮತ್ತು ಮೀನು ಕೋಣೆಯ ಗೋಡೆ ತಾಗುವಲ್ಲಿ ದಬ್ಬಣ. ಹೊಸ ಬಣ್ಣ ಇದ್ದರೆ ಎರಡು ಸಲ. ಬೇರೆಯವರ ಮರಕ್ಕೆ ದಬ್ಬಣ ಚುಚ್ಚುವ ಮೊದಲು ಕೇಳಿ, ಬೇಡ ಅಂದರೆ ಆ ಬೇಡವೇ ಉತ್ತರ. ಕಾಲಿನ ಕೆಳಗಿನ ಪಟ್ಟಿಗಳನ್ನು ಎಣಿಸಿ. ಎಂಜಿನ್ ಓಡುವಾಗ ಒಬ್ಬರು ಹಿಂದೆ ಮುಂದೆ ಗೇರ್ ಹಾಕಲಿ, ಇನ್ನೊಬ್ಬರು ಬಟ್ಟೆಬರೆ, ಕೈ ಶಾಫ್ಟಿನಿಂದ ದೂರ ಇಟ್ಟುಕೊಂಡು ಕಾಲುಗಳನ್ನೇ ನೋಡಲಿ. ಬೋಲ್ಟಿನ ಸುತ್ತ ಎಣ್ಣೆ ಗುಳ್ಳೆ ಎದ್ದು ಇಳಿದರೆ ಕಾಲು ಉಸಿರಾಡ್ತಾ ಇದೆ ಅಂತ ಅರ್ಥ. ಟ್ಯಾಕೋಮೀಟರ್ ಹೊರಗೆ ಬರೋದು ಇದೆಲ್ಲ ಆದ ಮೇಲೆ.

ಮಾವ ಈ ಸೀಸನ್ನಿಗೆ ಮತ್ತೆ ಬೇರೆಯವರ ಬೋಟಿಗೇ ಹೋಗ್ತಿದ್ದಾರೆ. ಅತ್ತೆಯ ಬಳೆ ಬಿಡಿಸಿಕೊಂಡು ಬಂದಿದ್ದಾರೆ. ಮಲ್ಪೆ ಕಡೆ ಇನ್ನೊಂದು 32 ಅಡಿಯದ್ದು ಇದೆ, ಮೇ ತಿಂಗಳಲ್ಲಿ ನೋಡೋಣ ಅಂತ ಮೊನ್ನೆ ಫೋನ್ ಮಾಡಿದ್ದರು. ಆಚಾರಿಯೂ ಬರ್ತಾರಂತೆ. ಟ್ಯಾಕೋಮೀಟರಿಗೆ ಲ್ಯಾಬಿನಲ್ಲಿ ಈಗಲೇ ಹೇಳಿಟ್ಟಿದ್ದೇವೆ. ದಬ್ಬಣ ಮಾತ್ರ ನಮ್ಮದೇ ಒಂದು ಕೊಂಡಿದ್ದೇವೆ, ನಲವತ್ತು ರೂಪಾಯಿ.